ಗಾಜಿನ ಮೇಲಿನ ಅಂಕಿ

ನನ್ನ ಕ್ಷೌರದಂಗಡಿಯ ಗಾಜಿನ ಮೇಲೆ
ನಲವತ್ತೇಳು ಅಂತ ಬರೆದಿದೆ.
ಬರೆದವನು ನಾನೇ, ಸೋಪಿನ ಚೂರಿನಲ್ಲಿ.
ಹೋದ ಶನಿವಾರ ರಾತ್ರಿ
ಆರನ್ನು ಒದ್ದೆಬಟ್ಟೆಯಲ್ಲಿ ಒರೆಸಿ ಏಳು ಮಾಡಿದೆ.
ನಾಲ್ಕು ಮಾತ್ರ ಕಳೆದ ಡಿಸೆಂಬರಿನದು,
ಒಣಗಿ ಒಣಗಿ
ಗಾಜಿನ ಜೊತೆಗೇ ಹುಟ್ಟಿದಂತಿದೆ.
ಬೀಟ್ ಗೆಡ್ಡೆ ಹೊತ್ತ ಲಾರಿಗಳು ಹಾದಾಗ
ಗಾಜು ನಡುಗುತ್ತದೆ. ಅಂಕಿಯೂ.

ಟೊರ್ವಿಕ್ ಕಾಲೇಜು ಸೋತು ಮೂರು ವರ್ಷ.
ಡಕೋಟಾದ ಈ ಬಯಲಿನಲ್ಲಿ
ಗಾಳಿಯೊಂದು ಬಿಟ್ಟರೆ
ಇಷ್ಟು ದಿನ ನಿಲ್ಲದೆ ಓಡಿದ್ದು ಇನ್ನೊಂದಿಲ್ಲ.
ಮೂರನೇ ವರ್ಷದ ಹುಡುಗರು
ಸೋತ ಬಸ್ಸಿನಲ್ಲಿ ಕೂತೇ ಇಲ್ಲ.
ಆ ಬಸ್ಸಿನಲ್ಲಿ ದೀಪ ಹಾಕುವುದಿಲ್ಲ,
ಚಿಪ್ಸ್ ಪೊಟ್ಟಣ ಒಡೆಯಲೂ ನಾಚಿಕೆ,
ಇದನ್ನೆಲ್ಲ ಅವರಿಗೆ ಯಾರು ಹೇಳಿಕೊಡಬೇಕು?

ಎಲ್ಲಿಯವರೆಗೆ? ಅಂಗಡಿಯಲ್ಲಿ ಇದೊಂದೇ ಮಾತು.
ಧಾನ್ಯದ ಗೋದಾಮಿನ ಲೋವೆಲ್ ಸ್ಕೋಗನ್
ಅರವತ್ತು ಅನ್ನುತ್ತಾನೆ, ನೊರೆ ಮೆತ್ತಿದ ಬಾಯಲ್ಲೇ.
ಮೊಮ್ಮಗನನ್ನು ಕರೆತಂದ ಆರ್ಡಿಸ್
ಆಟಕ್ಕಾಗಿ ಪ್ರಾರ್ಥಿಸುವುದನ್ನೇ ಬಿಟ್ಟಿದ್ದಾಳಂತೆ,
ಹೇಗೂ ಆಗುವುದಕ್ಕೆ ದೇವರನ್ನೇಕೆ ಎಬ್ಬಿಸುವುದು.
ಶವಪೆಟ್ಟಿಗೆಯ ವ್ಯಾಪಾರಿ ಮಾರ್ಲಿನ್ ಆಫ್ಟೆಡಾಲ್
ಪೇಪರಿನಿಂದ ತಲೆಯೆತ್ತಲಿಲ್ಲ:
"ಅಜೇಯರೂ ನನ್ನ ಹತ್ತಿರ ಬರುತ್ತಾರಪ್ಪ.
ನಡೆದುಕೊಂಡು ಮಾತ್ರ ಬರುವುದಿಲ್ಲ."

ಗುರುವಾರ ಕೆಲ್ಬಿ ಬಂದ. ಕ್ವಾರ್ಟರ್‌ಬ್ಯಾಕ್.
ಬಿಳಿ ಬಟ್ಟೆ ಹೊದಿಸಿ ಕತ್ತಿಗೆ ಗಂಟು ಹಾಕಿದೆ.
ಮೂವತ್ತೊಂದು ವರ್ಷ ಕತ್ತುಗಳನ್ನೇ ನೋಡಿದವನು ನಾನು.
ಮುಖ ಸುಳ್ಳು ಹೇಳೀತು,
ಕತ್ತಿನ ಹಿಂಭಾಗಕ್ಕೆ ಆ ವಿದ್ಯೆ ಬರದು.
ಬಲಭುಜ ಏಳಲಿಲ್ಲ.
ದುಡ್ಡು ತೆಗೆಯಲು ಎಡಗೈ
ಹೊಟ್ಟೆ ಬಳಸಿಕೊಂಡು ಬಲಜೇಬಿಗೆ ಹೋಯಿತು.
ನಾನು ನೋಡಿದ್ದನ್ನು ಅವನು ಕನ್ನಡಿಯಲ್ಲಿ ನೋಡಿದ.
"ಯಾರಿಗೂ..." ಅಂದ.
"ಕಿವಿಯ ಹತ್ತಿರ ಇನ್ನಷ್ಟು ಸಣ್ಣ ಮಾಡಲಾ?" ಅಂದೆ.
ಇಪ್ಪತ್ತು ವರ್ಷದ ಹುಡುಗ.
ಊರಿನ ನಲವತ್ತೇಳೂ
ಅವನ ಒಂದು ಕೀಲಿನ ಮೇಲೆ ಕೂತಿದೆ.

ರಾತ್ರಿ ನಿದ್ದೆ ಬರಲಿಲ್ಲ.
ಹೇಳಬಾರದ್ದನ್ನು ಹೇಳುತ್ತೇನೆ.
ಗೆಲುವುಗಳು ನನಗೆ ಮಡಚಿಟ್ಟ ಟವೆಲ್ಲುಗಳು,
ಒಂದರ ಮೇಲೊಂದು, ಯಾವುದು ಯಾವುದೋ.
ಕಡೆಯ ಸೋಲು ಮಾತ್ರ ಚೆನ್ನಾಗಿ ನೆನಪಿದೆ.
ಸೆಪ್ಟೆಂಬರಿನ ಸಂಜೆ, ಒಂದೇ ಒಂದು ಅಂಕಕ್ಕೆ.
ಯಾರೂ ಮನೆಗೆ ಹೋಗಲಿಲ್ಲ,
ಕಾರುಗಳ ನಡುವೆ ಸುಮ್ಮನೆ ನಿಂತೆವು
ಸಾವಿನ ಮನೆಯ ಅಂಗಳದಲ್ಲಿ ನಿಂತ ಹಾಗೆ.
ಬೇಲಿಯ ಜಗಳಕ್ಕೆ ಒಂಬತ್ತು ವರ್ಷ ಮಾತುಬಿಟ್ಟಿದ್ದ ಲೋವೆಲ್
ನನ್ನ ಕಡೆ ಕಾಫಿಯ ಫ್ಲಾಸ್ಕ್ ಚಾಚಿದ.
ತಣ್ಣಗಿತ್ತು. ಕುಡಿದೆ.
ಈಗ ಮೂರನೇ ಕ್ವಾರ್ಟರಿಗೇ
ಜನ ಎದ್ದು ಕಾರಿನ ಕೀಲಿ ಹುಡುಕುತ್ತಾರೆ.

ಸೋಲಲಿ ಅನ್ನುತ್ತಿಲ್ಲ. ಅಂದೆನೇನೋ. ಗೊತ್ತಿಲ್ಲ.

ಶನಿವಾರ ನಾನು ಆಟಕ್ಕೆ ಹೋಗಲಿಲ್ಲ.
ರೇಡಿಯೋದಲ್ಲಿ ಹತ್ತೊಂಬತ್ತು, ಇಪ್ಪತ್ತು. ನಾವು ಹಿಂದೆ.
ಉಳಿದಿರುವುದು ಎರಡು ನಿಮಿಷ, ಎಂಬತ್ತು ಗಜ.
ಕೆಲ್ಬಿ ಇವತ್ತು ಚೆಂಡು ಎಸೆದೇ ಇಲ್ಲ,
ಪಕ್ಕದವನ ಹೊಟ್ಟೆಗೆ ಒತ್ತಿ ಒತ್ತಿ ಕೊಡುತ್ತಾನೆ,
ನಿರೂಪಕ ಅದಕ್ಕೆ ಜಾಣತನ ಅನ್ನುತ್ತಾನೆ.
ಬಟ್ಟೆ ನೆನೆಸಿ ಗಾಜಿನ ಮುಂದೆ ನಿಂತೆ.
ಏಳನ್ನಷ್ಟೇ ಒರೆಸುವುದೋ,
ನಾಲ್ಕನ್ನೂ ಉಗುರಿನಲ್ಲಿ ಕೆರೆಯುವುದೋ.

ಆಗಲೇ ಬೀದಿಯಾಚೆಯ ಹಳಿಯ ಮೇಲೆ ಗೂಡ್ಸ್ ಬಂತು.
"ಕೆಲ್ಬಿ ಹಿಂದೆ ಸರಿದ, ಕೈ ಎತ್ತಿದ..."
ಅಷ್ಟೇ ಕೇಳಿಸಿದ್ದು, ರೇಡಿಯೋ ಮುಳುಗಿಹೋಯಿತು.
ಬೇರೇನು ಮಾಡಲಿ, ಡಬ್ಬಿ ಎಣಿಸತೊಡಗಿದೆ.
ನಲವತ್ತೈದು, ನಲವತ್ತಾರು,
ನಲವತ್ತೇಳು,
ಇನ್ನೂ ಬರುತ್ತಲೇ ಇವೆ.
ಬಟ್ಟೆಯ ನೀರು ಬೂಟಿನ ಮೇಲೆ ತೊಟ್ಟಿಕ್ಕುತ್ತಿದೆ.