ನಾಲಿಗೆ ಭಾರ

ಲವ್‌ಲಾಕಿನ ಮುದುಕನೊಬ್ಬನಿಂದ ತಂದದ್ದು,
ಎಂಬತ್ತು ಡಾಲರಿಗೆ:
ಒಂದು ಉಕ್ಕಿನ ಹಳಿ, ಏಣಿಯಂಥ ಒಂದು ಹಲಗೆ,
ನಾಲ್ಕು ಬೋಲ್ಟು ಇರಬೇಕಾದಲ್ಲಿ ಮೂರು.
ನಾಲ್ಕನೆಯದು ಎಲ್ಲಿ ಎಂದರೆ
ದಾರಿಯಲ್ಲಿ, ಎಂದ.
ದಾರಿ ಎಂದರೆ ನೆವಾಡಾ ಪೂರ್ತಿ.

ವಿನ್ನೆಮಕ್ಕದ ಬಿಸಿಲಲ್ಲಿ, ಕಾರಿನ ಬೆನ್ನ ಹಿಂದೆ
ಮಂಡಿಯೂರಿ ಕೂತೆ.
ಎರಡಿಂಚಿನ ಚೌಕ ಬಾಯಿ,
ಒಳಗೆ ಜೇಡ, ತುಕ್ಕು, ಹೋದ ಚಳಿಗಾಲದ ಉಪ್ಪು.
ತಂತಿ ಬ್ರಷ್ಷಿನಲ್ಲಿ ತಿಕ್ಕಿ, ಗ್ರೀಸು ಸವರಿ
ಕಂಬಿ ತೂರಿಸಿದೆ
ತೂತಿಗೆ ತೂತು ಕೂಡುವತನಕ.
ಪಿನ್ನು ಇಳಿದಾಗ ಬಂತು ಒಂದೇ ಒಂದು ಟಕ್.
ಅಷ್ಟು ಖಚಿತವಾದ ಮಾತು
ಈ ಅಂಗಳದಲ್ಲಿ ಯಾರೂ ಆಡಿ ಬಹಳ ದಿನವಾಗಿತ್ತು.

ಇದು ಹೊರುವ ತೂಕಕ್ಕೆ
ಇಲ್ಲಿಯವರು ನಾಲಿಗೆ ಭಾರ ಎನ್ನುತ್ತಾರೆ.
ತಗಡಿನಲ್ಲಿ ಕೊರೆದಿದೆ: ಮುನ್ನೂರೈವತ್ತು ಪೌಂಡು, ಮೀರಕೂಡದು.
ಬೈಕು ಇನ್ನೂರೈವತ್ತೆಂಟು, ಹಳಿ ಅರವತ್ತು,
ಪಟ್ಟಿ, ಕೊಂಡಿ, ಟ್ಯಾಂಕಿನ ತಳದ ಪೆಟ್ರೋಲು,
ಲಕೋಟೆಯ ಬೆನ್ನಿಗೆ ಬರೆದು ಕೂಡಿದೆ, ಎರಡು ಸಲ.
ಎಲುಬಿಲ್ಲದ ನಾಲಿಗೆಗೆ
ಹೀಗೆ ಯಾರೂ ಮಿತಿ ಕೊರೆದು ಕೊಟ್ಟಿರಲಿಲ್ಲ.
ಆಡಿದ್ದೆ ನಾನು, ಅಪ್ಪನ ಕುರಿ ಮಾರಿದ ದಿನ,
ತಮ್ಮ ಬೆನ್ಯಾಟ್‌ಗೆ, ಹರಾಜಿನ ಕಟ್ಟೆಯಲ್ಲಿ, ಎಲ್ಲರೆದುರು.
ಆರು ವರ್ಷ.

ಹಳಿ ಕೂಡಿಸಲು ಒಬ್ಬರು ಸಾಕು.
ಬೈಕು ಏರಿಸಲು ಇಬ್ಬರು:
ಒಬ್ಬರು ಹಿಡಿಯಲು, ಒಬ್ಬರು ಬಿಗಿಯಲು.
ಪಕ್ಕದ ಮನೆಯ ಡೆಲ್ಬರ್ಟ್ ಮೀನಿಗೆ ಹೋಗಿದ್ದ.
ಫೋನಿನಲ್ಲಿ ಬೇರೆ ಯಾರ ನಂಬರೂ ಇರಲಿಲ್ಲ.
ಸುಳ್ಳು. ಹನ್ನೆರಡು ಇದ್ದವು.

ಬಂದ. ಟೋಪಿ ತೆಗೆಯಲಿಲ್ಲ.
ಹಳಿ ಹಿಡಿದು ಅಲ್ಲಾಡಿಸಿದ,
ಕುರಿಯ ಹಲ್ಲು ನೋಡುವವನ ಹಾಗೆ.
ತನ್ನ ಟ್ರಕ್ಕಿನ ಡಬ್ಬಿ ಕೆದಕಿ ಬೋಲ್ಟೊಂದು ತಂದ,
ಅರ್ಧ ಇಂಚು, ತಲೆಯ ಮೇಲೆ ಆರು ಗೀಟು.
ವಾಷರು ತುಟಿಯಲ್ಲಿ ಕಚ್ಚಿಕೊಂಡಿದ್ದ;
ಮಾತಾಡದಿರಲು ಅದೊಂದು ನೆಪ.

ಹಲಗೆಯ ಮೇಲೆ ತಳ್ಳಿದೆವು,
ನಾನು ಹ್ಯಾಂಡಲ್ಲು, ಅವನು ಹಿಂದೆ, ಸೀಟಿಗೆ ಹೆಗಲು ಕೊಟ್ಟು.
ಅರ್ಧದಲ್ಲಿ ನಿಂತಿತು.
ಜಾರಿದರೆ ಅವನ ಎದೆ, ವಾಲಿದರೆ ನನ್ನ ಕಾಲು.
ಆಗ ಹೊರಟಿತು ಅವನ ಗಂಟಲಿಂದ
ಹಟ ಹಿಡಿದ ಕುರಿಗೆ ಅಪ್ಪ ಹಾಕುತ್ತಿದ್ದ ಬಾಸ್ಕ್ ಕೂಗು.
ಏರಿತು!
ಯಮಹಾಕ್ಕೂ ಬರುತ್ತದೆಯೇ ನಮ್ಮ ಭಾಷೆ?

ಅವನು ಹಿಡಿದು ನಿಂತ. ನಾನು ಪಟ್ಟಿ ಬಿಗಿದೆ,
ಎಡ, ಬಲ, ಮತ್ತೆ ಎಡ,
ಮುಂದಿನ ಸ್ಪ್ರಿಂಗು ಉಸಿರು ಬಿಟ್ಟು ಕುಗ್ಗುವತನಕ.
ಬಿಡಲಾ? ಎಂದ.
ಆರು ವರ್ಷದ ಮೊದಲ ಮಾತು.
ಇನ್ನೂ ಬೇಡ, ಎಂದೆ.
ಹಿಂದಿನ ಚಕ್ರಕ್ಕೊಂದು ಗಂಟು ಹಾಕಿದೆ,
ಅದಕ್ಕೊಂದು ಗಂಟು.
ಈಗ?
ತಾಳು ಸ್ವಲ್ಪ.

ಬಿಟ್ಟಾಗ ಕಾರಿನ ಬೆನ್ನು ಎರಡಿಂಚು ಕುಸಿಯಿತು,
ಮೂತಿ ಮೇಲೆದ್ದಿತು.
ಕತ್ತಲಾಗಿತ್ತು. ಹೆಡ್‌ಲೈಟು ಹಾಕಿದರೆ
ಬೆಳಕು ರಸ್ತೆ ಬಿಟ್ಟು
ಪಾಪ್ಲರ್ ಮರದ ತುದಿಗೆ ಹೋಗಿ ಕೂತಿತು,
ಅಲ್ಲೊಂದು ಗೂಬೆ, ಕಣ್ಣು ಕಿರಿದು ಮಾಡಿ.
ಸ್ಕ್ರೂಡ್ರೈವರು ಹಿಡಿದು ಅವನು ಮುಂದೆ ಕೂತ.
ಕೆಳಗೆ, ಎಂದೆ ಒಳಗಿಂದ. ಇನ್ನೂ ಕೆಳಗೆ. ಹಾಂ.
ಗೂಬೆಗೆ ಅದರ ಕತ್ತಲೆ ಮರಳಿತು.

ಗೇಟಿನತನಕ ಹೋಗಿ ತಿರುಗಿ ಬಂದ.
ನಂಬರ್ ಪ್ಲೇಟು ಮರೆಯಾಗಿದೆ, ಹಿಡಿದಾರು.
ಹಿಡಿದರೆ?
ನನ್ನ ಹೆಸರು ಹೇಳಬೇಡ, ಎಂದ,
ಹಳಿಯನ್ನು ಇನ್ನೊಮ್ಮೆ ಅಲ್ಲಾಡಿಸಿ ನೋಡಿದ.
ಅಲುಗಿತು, ತುಸುವೇ.
ಅಷ್ಟು ಇರಬೇಕು, ಎಂದುಕೊಂಡೆವು ಇಬ್ಬರೂ,
ಯಾರೂ ಹೇಳಲಿಲ್ಲ.