ಬೇರೆ ಸ್ಕ್ರೂ

ಶುಕ್ರವಾರ ನಸುಕಿಗೇ ಅಲ್-ರೈ ಸಂತೆಗೆ ಹೋಗಬೇಕು,
ತಗಡಿನ ಮಾಡು ಕಾಯುವ ಮುಂಚೆ.
ಸಬ್ಜ್ ಅಲಿ ಚಾದರ ಹಾಸುತ್ತಿರುತ್ತಾನೆ:
ಕುಕ್ಕರಿನ ಸೀಟಿ, ಒಂಟಿ ಸ್ಪೀಕರು, ಯಾರದೋ ಹಲ್ಲಿನ ಸೆಟ್ಟು,
ನಡುವೆ ಮುಖ ಕೆಳಗೆ ಮಾಡಿ ಮಲಗಿದ
ಲೆನ್ಸು.

ಸರಿಯಿರುವುದನ್ನು ನಾನು ಕೇಳುವುದಿಲ್ಲ.
ಸರಿಯಿರುವುದು ಸಾಲ್ಮಿಯಾದ ಗಾಜಿನ ಕಪಾಟಿನಲ್ಲಿದೆ,
ಬೆಲೆ ನನ್ನ ಎರಡು ತಿಂಗಳ ಓವರ್‌ಟೈಮು.
ನನಗೆ ಬೂಜು ಹಿಡಿದದ್ದು ಬೇಕು, ಬಿದ್ದು ಅಂಚು ನೆಗ್ಗಿದ್ದು,
ತಿರುಗದ್ದು,
ಬಿಚ್ಚಿದವ ಮುಚ್ಚಲಾರದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟದ್ದು.
ಮಾಡಿದ ಕಂಪನಿಯೇ ಬಾಗಿಲು ಹಾಕಿ ಮೂವತ್ತು ವರ್ಷ;
ಎರಡು ಸತ್ತರೆ ಒಂದು ಉಳಿಯುತ್ತದೆ, ಅದೇ ಲೆಕ್ಕ.

‘ಇದು ಕುರುಡು’ ಅಂದ ಸಬ್ಜ್ ಅಲಿ,
ವ್ಯಾಪಾರಿಗೆ ಸಲ್ಲದ ಸತ್ಯ.
ಮುನ್ನೂರು ಗ್ರಾಮಿನ ಕುರುಡು. ಒಳಗೆಲ್ಲ ಚಹಾದ ಬಣ್ಣ.
ಒಂದೂಕಾಲು ದಿನಾರ್ ಅಂದೆ. ಎರಡು ಅಂದ.
ಒಂದೂವರೆಗೆ ಕೊಟ್ಟು ಮೇಲೊಂದು ಸೀಟಿಯನ್ನೂ ಕೊಟ್ಟ.
ನಮ್ಮ ರೂಮಿನ ಕುಕ್ಕರಿಗೆ ಅದು ಕೂರಲಿಲ್ಲ.

ಚಹಾದ ಬಣ್ಣ ಕೊಳೆಯಲ್ಲ.
ಆ ಕಾಲದವರು ಗಾಜಿಗೆ ಥೋರಿಯಂ ಬೆರೆಸುತ್ತಿದ್ದರಂತೆ,
ಕತ್ತಲಲ್ಲಿಟ್ಟಷ್ಟೂ ಅದು ಹಳದಿ.
ಮದ್ದು ಒಂದೇ, ಬಿಸಿಲು. ಬಿಸಿಲಿಗೆ ಈ ಊರಲ್ಲಿ ಬರವೇ?
ನಾನು ಲಿಫ್ಟ್ ರಿಪೇರಿಯವನು,
ಹದಿನಾಲ್ಕು ಮಾಳಿಗೆಯ ಮೇಲಿನ ಮೆಶಿನ್ ರೂಮಿನ ಕೀಲಿ ನನ್ನ ಸೊಂಟದಲ್ಲಿ.
ತಾರಸಿಯಲ್ಲಿ, ಡಿಶ್ಶುಗಳ ನೆರಳು ತಪ್ಪಿಸಿ,
ಖುಬ್ಬೂಸ್ ಸುತ್ತಿದ್ದ ಬೆಳ್ಳಿ ಹಾಳೆಯ ಮೇಲೆ
ಅದನ್ನು ಅಂಗಾತ ಮಲಗಿಸಿದೆ.
ಇಪ್ಪತ್ತೆರಡನೆಯ ದಿನ ಎತ್ತಿ ನೋಡಿದರೆ
ಚಹಾ ಹೋಗಿ ಗಂಜಿತಿಳಿ;
ನನ್ನ ಕುತ್ತಿಗೆ ಮಾತ್ರ ಕಾವಲಿಯ ತಳ.

ಇನ್ನು ಬಿಚ್ಚುವುದು.
ಖೈತಾನಿನ ರೂಮು, ಕೆಳಗಿನ ಮಂಚ, ಹಣೆಗೆ ಟಾರ್ಚು.
ಮೇಲಿನ ಮಂಚದಲ್ಲಿ ಶಿರ್ವದ ವಿಕ್ಟರ್,
ಅವನು ಮಗ್ಗುಲಾದಾಗಲೆಲ್ಲ
ತಟ್ಟೆಯ ಸ್ಕ್ರೂಗಳು ಅಕ್ಕಿಕಾಳಿನಷ್ಟು ಸರಿಯುತ್ತವೆ.
ಮೂರು ಸ್ಕ್ರೂ. ಎರಡು ಬಂದವು.
ಮೂರನೆಯದು ಜಪ್ಪಯ್ಯ ಅಂದರೂ ಬರಲಿಲ್ಲ.
ಎಣ್ಣೆ ಬಿಟ್ಟೆ, ಸೋಲ್ಡರಿಂಗ್ ಕಡ್ಡಿ ಕಾಸಿ ಮುಟ್ಟಿಸಿದೆ,
ಯಾವ ಕತ್ತೆ ಬಿಗಿದದ್ದೋ ಇದನ್ನು ಎಂದು
ಅವನ ಅಜ್ಜನವರೆಗೆ ಬೈದೆ.
ಮೂರನೆಯ ರಾತ್ರಿ, ಕೂದಲೆಳೆಯಷ್ಟು ಬಲಕ್ಕೆ ಬಿಗಿದು
ಆಮೇಲೆ ಎಡಕ್ಕೆ ತಿರುಗಿಸಿದಾಗ
‘ಟಿಕ್’ ಅಂದಿತು.

ಉಂಗುರ ಎತ್ತಿದೆ. ಅದರ ಒಳಮೈಯಲ್ಲಿ
ಕಪ್ಪು ಬಣ್ಣ ಕೆರೆದು ಸೂಜಿಮೊನೆಯ ಕನ್ನಡ:
*ಒಂದು ಸ್ಕ್ರೂ ಬೇರೇದು. ೧೨-೩-೮೭.*

ಎಬ್ಬಿಸಲೆಂದು ವಿಕ್ಟರನ ಕಾಲು ಹಿಡಿದೆ. ಬಿಟ್ಟೆ.
ಯಾರಿಗೆಂದು ಬರೆದ?
ಬಿಚ್ಚಿದವನಿಗಷ್ಟೇ ಕಾಣುವ ಜಾಗದಲ್ಲಿ, ಈ ಊರಲ್ಲಿ, ಕನ್ನಡದಲ್ಲಿ?
ಹೆಸರಿಲ್ಲ. ಒತ್ತಕ್ಷರದ ಹತ್ತಿರ ಕೈ ಜಾರಿದೆ.
ಮುರ್ಗಾಬಿನ ಯಾವುದೋ ಸ್ಟುಡಿಯೋದ ಹಿಂದಿನ ಕೋಣೆ ಇರಬೇಕು,
ಮುಂದೆ ಬಿಳಿ ಪರದೆ, ವೀಸಾಕ್ಕೆಂದು ನಗದೆ ಕೂತ ಜನ.
ಮೂರು ವರ್ಷ ಕಳೆದು ಆಗಸ್ಟಿನಲ್ಲಿ ಟ್ಯಾಂಕುಗಳು ಬಂದಾಗ
ರಜೆಯಲ್ಲಿ ಊರಲ್ಲಿದ್ದನೋ,
ಜೋರ್ಡಾನಿನ ದಾರಿಯ ಲಾರಿಯಲ್ಲೋ.
ಸಬ್ಜ್ ಅಲಿಯನ್ನು ಕೇಳಿದೆ.
ಯಾರೋ ಗೋಡೌನು ಖಾಲಿ ಮಾಡಿದ್ದು, ಕಿಲೋ ಲೆಕ್ಕ, ಅಂದ.

ಒಳಗಿನ ಆರು ಎಸಳಲ್ಲಿ ಒಂದು ಮುರಿದಿತ್ತು.
ಹಳೆಯ ಹೆಣದಿಂದ ಒಂದನ್ನು ತೆಗೆದು ಹೊಂದಿಸಿ ನೋಡಿದೆ:
ಕಡೆಯದರ ಬಾಲ ಮೊದಲನೆಯದರ ಅಡಿಗೆ ನುಸುಳಬೇಕು,
ನುಸುಳಿತು ಅನ್ನುವಾಗ ವಿಕ್ಟರ್ ಮಗ್ಗುಲಾದ.
ಹನ್ನೊಂದು ಸಲ ಹೀಗೆ.
ಐದಕ್ಕೇ ನಿಲ್ಲಿಸಿದೆ.
ಪೂರ್ತಿ ಮುಚ್ಚಿದರೂ ಒಂದು ಬದಿಯಿಂದ ಬೆಳಕು ಸೋರುತ್ತದೆ,
ಸೋರಲಿ.

ಉಂಗುರದ ಇನ್ನರ್ಧ ಖಾಲಿಯಿತ್ತು.
ಉಸಿರು ಹಿಡಿದು ಗೀಚಿದೆ:
*ಅದೇ ಸ್ಕ್ರೂ. ಎಸಳು ಐದೇ.
ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ.
ಬೈಯಬೇಡ.*