ಆರುವ ಮುನ್ನ ಆರಿಸಬೇಡ

ಸ್ತೂರ್‌ಬೆರ್ಗೆಟ್ ಏರಿನಲ್ಲಿ ಮೂವತ್ತೊಂದು ವರ್ಷ
ದಿಮ್ಮಿ ಲಾರಿಗಳೆಲ್ಲ ನನ್ನ ದಾಟಿಕೊಂಡು ಹೋದವು.
ಮೂರನೇ ಗೇರು, ತಳ ಮುಟ್ಟಿದ ಪೆಡಲು,
ನನ್ನ ಕೆನೆಬಣ್ಣದ ವೋಲ್ವೊ
ಗಬ್ಬದ ಹಸುವಿನ ಹಾಗೆ ಏದುಸಿರು ಬಿಡುತ್ತಿತ್ತು.
ಅವರ ಚಕ್ರ ಎಸೆದ ಹಿಮದ ಕೆಸರು ಗಾಜಿಗೆ ರಾಚುತ್ತಿತ್ತು,
ನಾನು ಒರೆಸಿಕೊಳ್ಳುತ್ತಿದ್ದೆ, ಅಷ್ಟೆ.

ಶಾಲೆಯ ಬಸ್ಸು ಓಡಿಸುವುದು ಬಿಟ್ಟ ವರ್ಷ
ಪಾದ್ರಿಯ ಹೆಂಡತಿ ತೀರಿಕೊಂಡಳು. ಕಾರು ಹರಾಜಿಗೆ ಬಂತು.
ತಳವೆಲ್ಲ ತುಕ್ಕು. ಬಾಗಿಲಿನ ಜೇಬಲ್ಲಿ ಕೀರ್ತನೆಯ ಪುಸ್ತಕ.
ಬಾನೆಟ್ಟಿನಡಿ ಮಾತ್ರ ಯಾರೂ ಕೆಣಕದ ಟರ್ಬೊ:
ಹತ್ತೊಂಬತ್ತು ವರ್ಷ ಚರ್ಚಿಗೆ ಹೋಗಿ ಬಂದದ್ದು,
ಗಂಟೆಗೆ ಐವತ್ತು ಮೀರದೆ.
ಒಳಗೇನಿದೆ ಎಂದು ಅದಕ್ಕೂ ಗೊತ್ತಿರಲಿಲ್ಲ,
ಅವಳಿಗೂ.

ಅಕ್ಕ ಇಂಗೆಯೆರ್ಡ್ ಫೋನಿನಲ್ಲಿ:
“ಅರವತ್ಮೂರಕ್ಕೆ ನಿನಗ್ಯಾಕೆ ವೇಗ?”
ನಾನಂದೆ, ವೇಗವಲ್ಲ, ಏರು.

ಪಕ್ಕದ ಮನೆಯ ಎಲೋಫ್, ಹದಿನೇಳು, ಮೊಡವೆ ಮುಖ,
ಎಂಜಿನ್ ಎತ್ತುವ ಕ್ರೇನು ಉರುಳಿಸಿಕೊಂಡು ಬಂದ.
ಬಾಡಿಗೆ: ಒಂದು ತಟ್ಟೆ ಏಲಕ್ಕಿ ಬನ್ನು.
ರಾತ್ರಿಯೆಂಬುದೇ ಇಲ್ಲದ ಜೂನ್ ಬೆಳಕಲ್ಲಿ
ಸೊಳ್ಳೆಯ ಮೋಡದೊಳಗೆ ನಿಂತು
ನೀರು ಬಸಿದೆವು, ಎಣ್ಣೆ ಬಸಿದೆವು,
ಒಂದೊಂದು ತಂತಿಗೂ ಬಿಳಿ ಪಟ್ಟಿ ಕಟ್ಟಿ ಹೆಸರು ಬರೆದೆವು,
ಮೊದಲ ದಿನ ಬಸ್ಸು ಹತ್ತುವ ಮಕ್ಕಳ ಕೊರಳಿಗೆ ಕಟ್ಟುವಂತೆ.
ಗೇರುಪೆಟ್ಟಿಗೆಯ ನೆತ್ತಿಯ ಬೋಲ್ಟು ಒಂದಕ್ಕೇ ಎರಡು ದಿನ.
ಕೈ ಹೋದರೆ ಕಣ್ಣು ಹೋಗದು,
ಕಣ್ಣು ಹೋದರೆ ಕೈ.
ಬೆರಳ ಗೆಣ್ಣಿನ ಸಿಪ್ಪೆ ಅಲ್ಲೇ ಬಿಟ್ಟು ಬಂದೆ.
ಹತ್ತರ ಸಾಕೆಟ್ಟನ್ನು ಭೂಮಿ ನುಂಗಿತು.

ಹಳೆಯದು ಸರಪಳಿಯಲ್ಲಿ ತೂಗಿತು.
“ಹೃದಯದ ಕಸಿ ಅಲ್ವಾ ಇದು?” ಅಂದ ಎಲೋಫ್.
ಹೃದಯ ಅನ್ನಬೇಡ, ಮಗು.
ಹೃದಯ ಇಷ್ಟು ಎಣ್ಣೆ ಸೋರಲ್ಲ,
ಬಿಚ್ಚಿ ಒರೆಸಿ ಹಲಗೆಯ ಮೇಲಿಡೋಕೆ ಬಿಡೋದೂ ಇಲ್ಲ.
ಬೇಕಾದರೆ ಕುಲುಮೆ ಅನ್ನು.
ಇಗೋ, ಈ ಕಬ್ಬಿಣದ ಬಸವನಹುಳು ಅದರ ತಿದಿ.
ಹೊರಗೆ ಹೋಗೋ ಹೊಗೆಯೇ ಚಕ್ರ ತಿರುಗಿಸಿ
ಒಳಗೆ ಬರೋ ಗಾಳೀನ ಒತ್ತಿ ತುರುಕುತ್ತೆ.
ಬಿಟ್ಟ ಉಸಿರಿಂದಲೇ ಎಳೆವ ಉಸಿರು.
ಅವನು ತಲೆ ಕೆರೆದುಕೊಂಡ. ನಾನು ಬನ್ನು ಕೊಟ್ಟೆ.

ಹೊಸದು ಕೂತಿತು, ಅಣ್ಣನ ಬೂಟಿಗೆ ತಮ್ಮ ಕಾಲಿಟ್ಟ ಹಾಗೆ.
ಗಾಳಿ ತಣಿಸುವ ಜಾಲರಿ ಮಾತ್ರ ಕೂರಲೊಲ್ಲದು.
ಮೂತಿಯ ತಗಡು ಕೊರೆದೆ,
ಇಷ್ಟು ವರ್ಷ ಒಂದು ಗೀರು ಬೀಳದಂತೆ ಕಾದ ತಗಡು.
ಕೀ ತಿರುಗಿಸಿದೆ. ಟಕ್.
ಇನ್ನೊಮ್ಮೆ. ಟಕ್.

ಆಗಸ್ಟಿಗೆ ಕತ್ತಲು ಊರಿಗೆ ಮರಳಿತ್ತು.
ಟಾರ್ಚು ಹಿಡಿದು ಹುಡುಕುವಾಗ ಬೆಂಚಿನ ಮೇಲೆ ಸಿಕ್ಕಿತು,
ಗೇಣುದ್ದ, ಜಡೆಯಂತೆ ಹೆಣೆದ ಅರ್ತ್ ತಂತಿ.
ಎಲ್ಲ ಸರಿಯಿತ್ತು,
ನೆಲದ ನಂಟೊಂದು ಮರೆತಿತ್ತು.

ಕಟ್ಟಿದೆ. ಕೆಮ್ಮಿತು, ನೀಲಿ ಹೊಗೆ ಕಾರಿತು, ಹಿಡಿಯಿತು.
ಎಲೋಫ್ ಕುಣಿದ.
ನಾನು ಎಣ್ಣೆಯ ಒತ್ತಡದ ಮುಳ್ಳು ನೋಡುತ್ತಿದ್ದೆ.

ಏರು. ಮುಂದೆ ದಿಮ್ಮಿ ಲಾರಿ, ಹಸಿ ಪೈನಿನ ವಾಸನೆ.
ಮೂರನೇ ಗೇರು. ಒಂದು ಕ್ಷಣ ಏನೂ ಇಲ್ಲ,
ನಂಬಿಕೆ ಕೆಡುವಷ್ಟು ಉದ್ದದ ಒಂದು ಕ್ಷಣ.
ಆಮೇಲೆ ಸೀಟಿ, ಸಣ್ಣಗೆ, ಪಕ್ಕದ ಕೋಣೆಯ ಕೆಟಲಿನ ಹಾಗೆ,
ಆಮೇಲೆ ಬೆನ್ನಿಗೆ ಯಾರದೋ ಅಗಲವಾದ ಅಂಗೈ.
ಲಾರಿಯವನು ಪಕ್ಕದಲ್ಲಿ ಕಂಡ, ಸೇಬು ಕಚ್ಚುತ್ತ.
ನನ್ನತ್ತ ನೋಡಲೇ ಇಲ್ಲ.

ಅಂಗಳಕ್ಕೆ ಬಂದು ಕೀಗೆ ಕೈ ಹಾಕಿದವಳು ತಡೆದೆ.
ಕಾದ ಬಸವನಹುಳುವಿಗೆ ಎಣ್ಣೆ ಹರಿಯುತ್ತಿರಬೇಕು,
ಆರುವ ಮುನ್ನ ಆರಿಸಬೇಡ,
ಹುಡುಗನಿಗೆ ನಾನೇ ಹೇಳಿದ್ದು.
ಎರಡು ನಿಮಿಷ.
ಕೂತೆ. ಬಾನೆಟ್ಟಿನ ಮೇಲೆ ಗಾಳಿ ನಡುಗುತ್ತಿತ್ತು.
ಜೇಬಿನಲ್ಲಿ ಒಂದು ಬೋಲ್ಟು,
ಎಲ್ಲಿಯದೋ ಇನ್ನೂ ತಿಳಿಯದ್ದು,
ಬೆರಳಲ್ಲಿ ಹೊರಳಿಸುತ್ತ.